ಏಡ, ಓಡೆ, ಎಲ್ಲಿಗೆ?

ಗಡಿಯ ತಲಪಾಡಿ ದಾಟಿ ಕೇರಳದ ಕಾಸರಗೋಡಿಗೆ ಬಂದದ್ದು ಗೊತ್ತಾಗಿದ್ದು ಬೋರ್ಡುಗಳಿಂದ. ರಸ್ತೆ ಅದೇ, ತೆಂಗು ಅದೇ, ಕೆಂಪು ಮಣ್ಣೂ ಅದೇ. ಅಂಗಡಿಗಳ ಹೆಸರು ಮಾತ್ರ ಮಲಯಾಳಂ ಅಕ್ಷರಕ್ಕೆ ತಿರುಗಿತ್ತು. ನಡುನಡುವೆ ಕನ್ನಡವೂ ಇಣುಕುತ್ತಿತ್ತು.

ಕಂಡಕ್ಟರ್ ಮುಂದಿನ ಸೀಟಿನ ಅಜ್ಜಿಗೆ "ಓಡೆ?" ಅಂದ. ಅದು ತುಳು. ಪಕ್ಕದ ಹುಡುಗನಿಗೆ "ಏಡ?" ಅಂದ. ಅದು ಈ ಕಡೆಯ ಮಲಯಾಳಂ. ಕೇರಳದ ತೆಂಕು ಭಾಗದವರು "ಎವಿಡೆ" ಅನ್ನುವುದನ್ನು ಇಲ್ಲಿ ಹೀಗೆ ಮೊಟಕು ಮಾಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ "ಎಲ್ಲಿಗೆ?" ಅಂದ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಮುಖ ನೋಡಿ ಹೇಳಿದನೋ, ತೊಡೆಯ ಮೇಲಿದ್ದ ಕನ್ನಡ ಪೇಪರ್ ನೋಡಿದನೋ ಗೊತ್ತಾಗಲಿಲ್ಲ.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅನ್ನುತ್ತಾರೆ. ತುಳು, ಕನ್ನಡ, ಮಲಯಾಳಂ, ಕೊಂಕಣಿ, ಬ್ಯಾರಿ (ಕರಾವಳಿಯ ಬ್ಯಾರಿ ಮುಸ್ಲಿಮರ ಮಾತು), ಮರಾಠಿ, ಉರ್ದು. ಇಲ್ಲಿನ ಬುಡಕಟ್ಟಿನವರಾದ ಕೊರಗರ ಭಾಷೆಯನ್ನು ಯಾಕೆ ಲೆಕ್ಕದಿಂದ ಬಿಟ್ಟರೋ! ಭಾಷಣಗಳಲ್ಲಿ ಈ ಹೆಸರು ಕೇಳಿ ಕೇಳಿ ನನಗೆ ಅದು ಸುಮ್ನೆ ಅಲಂಕಾರದ ಮಾತು ಅನ್ನಿಸಿತ್ತು. ಮೂರು ದಿನ ಬಸ್ಸು, ಆಟೋಗಳಲ್ಲಿ ಓಡಾಡಿದ ಮೇಲೆ ಗೊತ್ತಾಯಿತು, ಇಲ್ಲಿ ಇಬ್ಬರು ಎದುರಾದರೆ ಮೊದಲು ನಡೆಯುವುದು ಒಂದು ಊಹೆ. ಇವರ ಹತ್ತಿರ ಯಾವ ಭಾಷೆಯಲ್ಲಿ ಶುರು ಮಾಡಲಿ?

ಮೊದಲು ಇಳಿದದ್ದು ಮಂಜೇಶ್ವರದಲ್ಲಿ. ರೈಲ್ವೆ ಸ್ಟೇಷನ್ನಿಗೆ ಹೋದರೆ ಅದೇ ಊರು "ಮಂಜೇಶ್ವರಂ" ಆಗುತ್ತದೆ. ಕವಿ ಗೋವಿಂದ ಪೈಗಳ ಮನೆ ಈಗ 'ಗಿಳಿವಿಂಡು' ಎಂಬ ಸ್ಮಾರಕ. ಅವರ ಮನೆಮಾತು ಕೊಂಕಣಿ, ಸುತ್ತ ಕಿವಿಗೆ ಬೀಳುತ್ತಿದ್ದದ್ದು ತುಳು, ಬರೆದದ್ದು ಕನ್ನಡ. ಬರೆದದ್ದಾದರೂ ಏನು? ಏಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ', ಬುದ್ಧನ ಕೊನೆಯ ದಿನದ ಬಗ್ಗೆ 'ವೈಶಾಖಿ'. 1949ರಲ್ಲಿ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ಪೈಗಳು ಮನೆ ಬದಲಿಸಲಿಲ್ಲ, ರಾಜ್ಯವೇ ಬದಲಾಯಿತು. ಅವರಿಗೆ ಅದು ಕೊನೆಯವರೆಗೂ ಒಪ್ಪಿಗೆ ಆಗಲಿಲ್ಲ.

ಅಲ್ಲಿಂದ ಹೊರಟಾಗ ಸಿಕ್ಕ ಆಟೋದವರು ಉದ್ಯಾವರದ ಕತೆ ಹೇಳಿದರು. ಅಲ್ಲಿನ ಅರಸು ಮಂಜಿಷ್ಣಾರ್ ದೈವಸ್ಥಾನದ ಜಾತ್ರೆಗೆ ಮೊದಲು, ಒಂದು ಶುಕ್ರವಾರ, ದೈವ ಮೈಮೇಲೆ ಬರುವ ಪಾತ್ರಿಗಳು ಉದ್ಯಾವರದ ಮಸೀದಿಗೆ ಹೋಗಿ ಜಮಾತಿನವರನ್ನು ಕರೆದು ಬರುತ್ತಾರೆ. ನಾನು "ಎಂಥಾ ಸೌಹಾರ್ದ!" ಅಂತ ಕಣ್ಣರಳಿಸಿದೆ. ಅವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. "ನೆರೆಮನೆಯವರನ್ನು ಕರೆಯದೆ ಜಾತ್ರೆ ಮಾಡುವುದು ಹೇಗೆ ಮಾರಾಯ್ರೆ?" ಅಂದರು. ಅಷ್ಟೇ. ನನ್ನ ಉತ್ಸಾಹ ನನಗೇ ಸ್ವಲ್ಪ ಜಾಸ್ತಿ ಅನ್ನಿಸಿತು.

ಮರುದಿನ ಉಪ್ಪಳದಲ್ಲಿ ಎಡವಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಬುರ್ಖಾ ತೊಟ್ಟ ಹೆಂಗಸೊಬ್ಬರು ಬಂದು ಕೂತರು. ಕುಂಬಳೆ ಎಷ್ಟು ದೂರ ಅಂತ ಕೇಳಬೇಕಿತ್ತು. ರಾತ್ರಿಯೆಲ್ಲ ಕೂತು ಕಲಿತಿದ್ದ ನಾಲ್ಕು ವಾಕ್ಯ ಮಲಯಾಳಂನಲ್ಲಿ ಒಂದನ್ನು ಪ್ರಯೋಗಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕನ್ನಡದಲ್ಲೇ ಹೇಳಿ. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ" ಅಂದರು. ಕಿವಿ ಬಿಸಿಯಾಯಿತು. ಬಟ್ಟೆ ನೋಡಿ ಭಾಷೆ ಲೆಕ್ಕ ಹಾಕಿದ್ದೆ ಅಲ್ವಾ? ಕಂಡಕ್ಟರನ ಊಹೆಗೂ ನನ್ನ ಊಹೆಗೂ ಏನು ವ್ಯತ್ಯಾಸ ಅಂತ ಆಮೇಲೆ ಯೋಚಿಸಿದೆ. ಅವನ ಊಹೆ ತಪ್ಪಿದರೆ ಥಟ್ಟನೆ ಇನ್ನೊಂದು ಭಾಷೆಗೆ ಜಾರುತ್ತಾನೆ. ನಾನು ಊಹಿಸಿದ್ದು ಭಾಷೆ ಒಂದನ್ನೇ ಅಲ್ಲ.

ಅವರಿಗೇನೂ ಬೇಸರ ಆದಂತೆ ಕಾಣಲಿಲ್ಲ. ಕುಂಬಳೆ ಬರುವವರೆಗೂ ಮಾತಾಡಿದರು. ಅವರ ತವರಿನಲ್ಲಿ ಉರ್ದು. ಉಪ್ಪಳದ ಕೆಲವು ಮುಸ್ಲಿಂ ಮನೆಗಳಲ್ಲಿ ಹಾಗೆಯೇ. ಗಂಡನ ಮನೆಯಲ್ಲಿ ಬ್ಯಾರಿ. ಮಕ್ಕಳ ಶಾಲೆಯಲ್ಲಿ ಮಲಯಾಳಂ. ಪೇಟೆಯಲ್ಲಿ ತುಳು. "ತಲೆ ಕೆಡುವುದಿಲ್ವಾ?" ಅಂತ ಕೇಳಿದೆ. "ಬೈಯುವಾಗ ಮಾತ್ರ ಉರ್ದು ಬರುತ್ತದೆ" ಅಂತ ನಕ್ಕರು. ಆಮೇಲೆ ಪರ್ಸಿನಿಂದ ನೋಟು ತೆಗೆದು ಎಣಿಸತೊಡಗಿದರು. ಒಂದು, ಎರಡು, ಮೂರು... ಲೆಕ್ಕ ಕನ್ನಡದಲ್ಲಿತ್ತು.

ಎಲ್ಲ ಹೀಗೆ ಸಲೀಸು ಅಂದುಕೊಳ್ಳಬೇಡಿ. ಕುಂಬಳೆಯಲ್ಲಿ ಸಿಕ್ಕ ನಿವೃತ್ತ ಕನ್ನಡ ಮೇಷ್ಟ್ರಿಗೆ ಒಂದು ಕಚೇರಿಯಲ್ಲಿ ಮಲಯಾಳಂ ಫಾರಂ ಮಾತ್ರ ಕೊಟ್ಟಿದ್ದರಂತೆ. ಮಾತು ಬರುತ್ತದೆ, ಓದಲು ಬರುವುದಿಲ್ಲ. "ನಲವತ್ತು ವರ್ಷ ಅಕ್ಷರ ಕಲಿಸಿದವನು ಮೊಮ್ಮಗಳ ಕೈಲಿ ಫಾರಂ ತುಂಬಿಸಿದೆ" ಅಂದರು. ಕೇರಳದ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಅಂತ 2017ರಲ್ಲಿ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಪ್ರತಿಭಟನೆಗೆ ಇಳಿದಿದ್ದರು. ಬೀದಿಯಲ್ಲಿ ಒಬ್ಬರಿಗೊಬ್ಬರು ಭಾಷೆ ಬದಲಿಸಿಕೊಳ್ಳುತ್ತಾರೆ. ಫಾರಂ ಬದಲಿಸಿಕೊಳ್ಳುವುದಿಲ್ಲ.

ಕೊನೆಯ ಸಂಜೆ ಚಂದ್ರಗಿರಿ ಹೊಳೆಯ ಸೇತುವೆ ಮೇಲೆ ನಿಂತೆ. ತುಳುನಾಡಿನ ತೆಂಕಣ ಗಡಿ ಇದು ಅನ್ನುತ್ತಾರೆ. ರಾಜ್ಯಗಳ ಗಡಿ ತಕರಾರಿನ ಬಗ್ಗೆ ಬಂದ 1967ರ ಮಹಾಜನ್ ವರದಿ ಇದರ ಬಡಗಿನ ಭಾಗವನ್ನು ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಕೊಡಿ ಅಂದಿತ್ತು, ಆಗಲಿಲ್ಲ. ನೀರು ನಿಧಾನವಾಗಿ ಸಮುದ್ರದ ಕಡೆ ಹೋಗುತ್ತಿತ್ತು. ಎರಡು ದಡದಲ್ಲೂ ಒಂದೇ ಥರದ ತೆಂಗು.

ವಾಪಸಿನ ಬಸ್ಸು ಕಿಕ್ಕಿರಿದಿತ್ತು. ಈ ಕಂಡಕ್ಟರ್ ನನ್ನನ್ನು ನೋಡಿ "ಏಡ?" ಅಂದ. ಮೂರು ದಿನದ ಬಿಸಿಲಿಗೆ ನಾನು ಬದಲಾಗಿದ್ದೆನೋ ಏನೋ. "ಮಂಗಳೂರು" ಅಂದೆ. ನನ್ನ ಹಿಂದಿನವರು "ಮಂಗಲಾಪುರಂ" ಅಂದರು. ಕಿಟಕಿ ಪಕ್ಕದ ಮುದುಕರು ಬ್ಯಾರಿಯಲ್ಲಿ "ಮೈಕಾಲ" ಅಂದರು. ಮೀನಿನ ಬುಟ್ಟಿಯ ಹೆಂಗಸು "ಕುಡ್ಲ" ಅಂತ ಕೂಗಿದಳು. ಬಾಗಿಲ ಹತ್ತಿರ ಯಾರೋ ಕೊಂಕಣಿಯವರು "ಕೊಡಿಯಾಲ್" ಅಂದದ್ದೂ ಕೇಳಿಸಿತು. ಊರು ಒಂದೇ. ಕಂಡಕ್ಟರ್ ತಲೆ ಎತ್ತದೆ ಮಷಿನ್ ಒತ್ತುತ್ತಾ ಹೋದ.