ಕಡಲಿನ ಲೆಕ್ಕ ದೊಡ್ಡಪ್ಪನ ಪುಸ್ತಕದಲ್ಲೂ ಇದೆ

ದೊಡ್ಡಪ್ಪನ ಹತ್ತಿರ ಒಂದು ಉದ್ದ ಪುಸ್ತಕ ಇದೆ. ಕಿರಾಣಿ ಅಂಗಡಿಯಲ್ಲಿ ಸಾಲ ಬರೆದಿಡುತ್ತಾರಲ್ಲ, ಅಂಥದ್ದು. ಮಲ್ಪೆಯಲ್ಲಿ ಬಲೆ ಎಳೆಯುವ ಟ್ರಾಲ್ ಬೋಟಿಗೆ ತಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ, ಇದ್ದಷ್ಟು ವರ್ಷವೂ ಅದರಲ್ಲಿ ಬರೆದಿದ್ದಾರೆ. ಒಂದು ಟ್ರಿಪ್ಪಿಗೆ ಒಂದು ಸಾಲು. ಹೊರಟ ದಿನ, ಬಂದ ದಿನ, ಡೀಸೆಲ್ ಎಷ್ಟು ಲೀಟರ್, ಐಸ್ ಎಷ್ಟು, ಎಷ್ಟು ಸಲ ಬಲೆ ಬಿಟ್ಟದ್ದು, ಯಾವ ಮೀನು ಎಷ್ಟು, ಏಲಂನಲ್ಲಿ ಎಷ್ಟಕ್ಕೆ ಹೋಯಿತು. ಕೊನೆಯ ಕಾಲಂನಲ್ಲಿ ಪಾಲು.

ಪಾಲು ಹಂಚುವುದಕ್ಕೇ ಈ ಪುಸ್ತಕ. ಡೀಸೆಲ್, ಐಸ್ ಖರ್ಚು ಕಳೆದು ಉಳಿದದ್ದನ್ನು ಬೋಟಿನವರೆಲ್ಲ ಹಂಚಿಕೊಳ್ಳಬೇಕು. ಹಾಗಾಗಿ ಒಂದು ಲೀಟರ್ ಹೆಚ್ಚುಕಡಿಮೆ ಬರೆಯುವ ಹಾಗಿಲ್ಲ, ಎದುರಿಗೆ ಕೂತವರೇ ಕೇಳುತ್ತಾರೆ. ಕಡಲಿನ ಬಗ್ಗೆ ನಾನು ನೋಡಿದ ಬರಹದಲ್ಲಿ ಇಷ್ಟು ನಿಖರವಾದದ್ದು ಬೇರೆ ಇಲ್ಲ.

ಈ ದೀಪಾವಳಿಗೆ ಊರಿಗೆ ಹೋದಾಗ ಅದನ್ನು ಹಿಡಿದುಕೊಂಡು ಕೂತೆ. ಮೊದಲ ಪುಟಗಳಲ್ಲಿ ಬೋಟು ಮೂರು ನಾಲ್ಕು ದಿನಕ್ಕೆ ವಾಪಸ್ ಬಂದಿದೆ. ಬರ್ತಾ ಬರ್ತಾ ಐದು, ಏಳು. ಕೊನೆಯ ಪುಟಗಳಲ್ಲಿ ಹತ್ತು ದಿನ, ಕೆಲವು ಕಡೆ ಅದಕ್ಕೂ ಜಾಸ್ತಿ. ಗೋವಾ ದಾಟಿ ರತ್ನಗಿರಿ ಕಡೆಗೆಲ್ಲ ಹೋಗಿದ್ದಾರೆ. ಮೀನಿನ ತೂಕ ನೋಡಿದರೆ ಅಂಥ ವ್ಯತ್ಯಾಸ ಇಲ್ಲ. ಡೀಸೆಲ್ ಕಾಲಂ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಕಡಲಲ್ಲಿ ಮೀನು ಎಷ್ಟಿದೆ ಅಂತ ಒಂದೊಂದಾಗಿ ಎಣಿಸಲು ಯಾರಿಂದಲೂ ಆಗುವುದಿಲ್ಲ. ವಿಜ್ಞಾನಿಗಳೂ ಸುತ್ತುದಾರಿಯಲ್ಲೇ ಲೆಕ್ಕ ಹಾಕುವುದು. ಅದರಲ್ಲಿ ದೊಡ್ಡ ದಾರಿ ಇದು: ಒಂದು ಗಂಟೆ ಬಲೆ ಎಳೆದರೆ ಎಷ್ಟು ಮೀನು ಸಿಕ್ಕಿತು? ದಕ್ಕೆಗೆ, ಅಂದರೆ ಬಂದರಿನಲ್ಲಿ ಮೀನು ಇಳಿಸುವ ಕಟ್ಟೆಗೆ, ಬಂದ ಮೀನಿನ ತೂಕ ಒಂದನ್ನೇ ನೋಡಿದರೆ ಎಲ್ಲ ಸರಿ ಇದೆ ಅನ್ನಿಸಬಹುದು. ಅಷ್ಟೇ ತೂಕ ತರಲು ಎರಡು ಪಟ್ಟು ದಿನ, ಎರಡು ಪಟ್ಟು ಡೀಸೆಲ್ ಬೇಕಾಗಿದ್ದರೆ ಅಡಿಯಲ್ಲಿ ಏನೋ ಕಡಿಮೆಯಾಗಿದೆ ಅಂತಲೇ ಅರ್ಥ, ಅಲ್ವಾ? ದೊಡ್ಡಪ್ಪನ ಪುಸ್ತಕದಲ್ಲಿ ಇರುವುದು ಅದೇ.

ಹಾಗಂತ ನಮ್ಮಲ್ಲಿ ಯಾರೂ ಲೆಕ್ಕ ಇಡುತ್ತಿಲ್ಲ ಅಂತಲ್ಲ. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರೂ ಸಿಎಂಎಫ್‌ಆರ್‌ಐ ಅನ್ನುವುದು, 1947ರಲ್ಲಿ ಶುರುವಾದದ್ದು. ಮಂಗಳೂರಿನಲ್ಲೂ ಅದರ ಕೇಂದ್ರ ಇದೆ. ಅವರ ಸಿಬ್ಬಂದಿ ಬಂದರುಗಳಿಗೆ ಬಂದು ನಿಲ್ಲುತ್ತಾರೆ. ಯಾವ ದಿನ ಯಾವ ಬಂದರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ, ಒಳ್ಳೆ ಮೀನು ಬಂದ ದಿನವನ್ನೇ ನೋಡಿ ಹೋದರು ಅನ್ನುವ ಹಾಗಾಗಬಾರದು ಅಂತ. ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6, ಮರುದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನ 12. ಬೋಟು ಕಡಿಮೆ ಇದ್ದರೆ ಎಲ್ಲವನ್ನೂ ನೋಡುತ್ತಾರೆ, ಜಾಸ್ತಿ ಇದ್ದರೆ ಕೆಲವನ್ನು ಆರಿಸಿಕೊಳ್ಳುತ್ತಾರೆ. ನಡುವಿನ ರಾತ್ರಿ? ರಾತ್ರಿ ಏನು ಬಂತು ಅಂತ ಬೆಳಿಗ್ಗೆ ದಕ್ಕೆಯಲ್ಲಿ ಇರುವವರನ್ನು ಕೇಳಿ ಬರೆದುಕೊಳ್ಳುತ್ತಾರೆ. ದೇಶದ ಇಡೀ ಕರಾವಳಿಯ ಅಂಕಿ ಅಂಶ ಹೀಗೆ ಹುಟ್ಟುತ್ತದೆ. ಅದರೊಳಗೆ ಮೊದಲಿನಿಂದಲೂ ಮೀನುಗಾರರ ಬಾಯಿಮಾತು ಇದೆ.

ಆ ಕೆಲಸ ಸುಲಭದ್ದಲ್ಲ. ಏಲಂ ಕೂಗಾಟ, ನೀರು, ಜಾರುವ ನೆಲ, ಅದರ ಮಧ್ಯೆ ಒಬ್ಬರು ಸ್ಕೇಲ್ ಹಿಡಿದು ಬಂಗುಡೆ ಉದ್ದ ಅಳೆಯುತ್ತಾ ನಿಂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂತಿಯಿಂದ ಬಾಲದ ತುದಿವರೆಗೆ. ಒಂದು, ಇನ್ನೊಂದು, ಮತ್ತೊಂದು. ಯಾರಾದರೂ "ಸ್ವಲ್ಪ ಆಚೆ ನಿಲ್ಲಿ" ಅಂದರೆ ಆಚೆ ಸರಿದು ಅಲ್ಲಿಂದಲೇ ಅಳೆಯುತ್ತಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆದರೆ ದಕ್ಕೆಯಲ್ಲಿ ನಿಂತವರಿಗೆ ಕಾಣುವುದು ದಕ್ಕೆಗೆ ಬಂದದ್ದು ಮಾತ್ರ. ಬಲೆಗೆ ಬಿದ್ದು ಸತ್ತು ವಾಪಸ್ ಕಡಲಿಗೆ ಹೋದದ್ದು ಕಾಣುವುದಿಲ್ಲ. ಹೋದ ವರ್ಷ ಮೀನು ಸಿಕ್ಕಿದ ಜಾಗ ಈ ವರ್ಷ ಯಾಕೆ ಖಾಲಿ ಅನ್ನುವುದು ಗೊತ್ತಾಗುವುದಿಲ್ಲ. ಅದು ತಂಡೇಲರಿಗೆ ಗೊತ್ತು.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಥೆ ಓದಿದ ಮೇಲೆ ನನಗೆ ಇದು ತಲೆಯಿಂದ ಹೋಗುತ್ತಲೇ ಇಲ್ಲ. ನಮಗೆ ಬೂತಾಯಿ, ಬಂಗುಡೆ ಹೇಗೋ ಅವರಿಗೆ ಕಾಡ್ ಮೀನು ಹಾಗೆ. ಊರೂರೇ ಅದರ ಮೇಲೆ ನಿಂತಿದ್ದವು. 1968ರಲ್ಲಿ ಒಂದೇ ವರ್ಷಕ್ಕೆ 8 ಲಕ್ಷ ಟನ್ ಹಿಡಿದಿದ್ದರು, ಬಹುಪಾಲು ಹೊರದೇಶದ ಹಡಗುಗಳು. 1977ರಲ್ಲಿ ಕೆನಡಾ 200 ಮೈಲಿವರೆಗಿನ ಕಡಲು ನಮ್ಮದು ಅಂತ ಹೇಳಿ ತನ್ನದೇ ಟ್ರಾಲರ್‌ಗಳನ್ನು ಇಳಿಸಿತು. 80ರ ದಶಕದಲ್ಲಿ ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು ಹೇಳತೊಡಗಿದರು, ಮೀನು ಕಡಿಮೆಯಾಗುತ್ತಿದೆ, ಸಿಕ್ಕಿದ್ದೂ ಸಣ್ಣದು ಅಂತ. ಸರ್ಕಾರದ ಲೆಕ್ಕದಲ್ಲಿ ಮೀನು ಏರುತ್ತಿತ್ತು. ಯಾಕೆ ಅಂದರೆ ಆ ಲೆಕ್ಕ ದೊಡ್ಡ ಟ್ರಾಲರ್‌ಗಳಿಗೆ ಸಿಗುವ ಮೀನಿನ ಮೇಲೆ ತುಂಬಾ ಭಾರ ಹಾಕಿತ್ತು. ಕಾಡ್ ಮೀನು ಕಡಿಮೆಯಾದರೂ ಚದುರುವುದಿಲ್ಲ, ಒಂದೆಡೆ ಒತ್ತೊತ್ತಾಗಿ ಸೇರುತ್ತದೆ. ಒಳ್ಳೊಳ್ಳೆ ಯಂತ್ರ ಇದ್ದ ಟ್ರಾಲರ್‌ಗಳು ಆ ಗುಂಪನ್ನೇ ಹುಡುಕಿ ಹಿಡಿದವು. ಅವರ ಬಲೆ ತುಂಬುತ್ತಲೇ ಇತ್ತು.

ದಡದ ಮೀನುಗಾರರು ಸುಮ್ನೆ ಕೂರಲಿಲ್ಲ. 1986ರಲ್ಲಿ ಅವರ ಸಂಘವೇ ಜೀವವಿಜ್ಞಾನಿಗಳನ್ನು ಕರೆಸಿ ಸರ್ಕಾರದ ಲೆಕ್ಕವನ್ನು ಮತ್ತೆ ನೋಡಿಸಿತು. ಇರುವುದಕ್ಕಿಂತ ಜಾಸ್ತಿ ಮೀನು ಇದೆ ಅಂತ ಲೆಕ್ಕ ಹಾಕಿದ್ದಾರೆ ಅನ್ನುವ ವರದಿಯೂ ಬಂತು. ಕೇಳಬೇಕಾದವರು ಕೇಳಲಿಲ್ಲ. 1992ರ ಜುಲೈ 2ರಂದು ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಅವರು ಕಾಡ್ ಹಿಡಿಯುವುದನ್ನು ನಿಲ್ಲಿಸಿದರು. ಎರಡು ವರ್ಷಕ್ಕೆ ಅಂತ ಹೇಳಿದ್ದು. 30,000ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ನಡುವೆ ದಡದ ಹತ್ತಿರ ಸ್ವಲ್ಪ ಸ್ವಲ್ಪ ಹಿಡಿಯಲು ಬಿಟ್ಟರೂ ಆ ನಿಷೇಧ ಅಧಿಕೃತವಾಗಿ ಮುಗಿದದ್ದು 2024ರಲ್ಲಿ.

32 ವರ್ಷ. ಒಂದು ಊರಿನ ಹುಡುಗ ಬಲೆ ಹಿಡಿಯುವ ವಯಸ್ಸಿಗೆ ಬಂದು, ಹಿಡಿಯದೆಯೇ ನಡುವಯಸ್ಸು ದಾಟುವಷ್ಟು ಕಾಲ.

ಎಲ್ಲ ಮುಳುಗಿದ ಮೇಲೆ ಅವರು ಮಾಡಿದ್ದೇನು ಅಂದರೆ, 1995ರಿಂದ ಅದೇ ಮೀನುಗಾರರನ್ನು ಲೆಕ್ಕಕ್ಕೆ ಸೇರಿಸಿಕೊಂಡರು. ಪ್ರತಿ ವರ್ಷ ಅದೇ ಜಾಗ, ಅದೇ ಥರದ ಬಲೆ, ಅದೇ ಸಮಯ. ಮೀನು ಸಿಗಲಿ ಬಿಡಲಿ, ಹೋಗಿ ಬಲೆ ಬಿಡಬೇಕು, ಸಿಕ್ಕಿದ್ದನ್ನು ಅಳೆದು ಬರೆಯಬೇಕು, ಮೀನಿನ ಕಿವಿಯೊಳಗಿನ ಕಲ್ಲು ತೆಗೆದು ಕೊಡಬೇಕು. ಮರದ ಸುತ್ತುಗಳ ಹಾಗೆ ಆ ಕಲ್ಲಿನ ಸುತ್ತು ಎಣಿಸಿದರೆ ಮೀನಿನ ವಯಸ್ಸು ಗೊತ್ತಾಗುತ್ತದೆ. ನಾರ್ವೆಯಲ್ಲಿ 2000ದಿಂದ ಇಂಥದ್ದೇ ಒಂದು ಬೋಟುಗಳ ತಂಡ ಇದೆ, ಅಲ್ಲಿ ಬೋಟಿನವರೇ ಮೀನು ಅಳೆದು ಕಳಿಸುತ್ತಾರೆ, ಅದಕ್ಕೆ ಅವರಿಗೆ ಹಣ ಕೊಡುತ್ತಾರೆ. ಕೊಡಲೇಬೇಕು. ಅದು ಕೆಲಸ.

ನಮ್ಮ ಬೂತಾಯಿಗೂ ಒಂದು ವಿಷಯದಲ್ಲಿ ಕಾಡ್ ಮೀನಿನದ್ದೇ ಗುಣ. ಅದೂ ಗುಂಪು ಕಟ್ಟುವ ಮೀನು. ಸುತ್ತ ಬಲೆ ಹಾಕಿ ಹಿಡಿಯುವ ಪರ್ಸೀನ್ ಬೋಟಿಗೆ ಒಂದು ಗುಂಪು ಸಿಕ್ಕರೆ ಸಾಕು, ಅವತ್ತಿನ ಲೆಕ್ಕ ಭರ್ಜರಿ. ಕಡಲಲ್ಲಿ ಇಂಥ ಗುಂಪು ಇನ್ನೆಷ್ಟು ಉಳಿದಿವೆ ಅನ್ನುವುದು ಆ ಒಂದು ಬಲೆಯಿಂದ ತಿಳಿಯುವುದಿಲ್ಲ. ಮೂರು ದಿನ ತಿರುಗಿ ಏನೂ ಸಿಗದೆ ಬರಿಗೈಯಲ್ಲಿ ಬಂದವರನ್ನೂ ಕೇಳಬೇಕು. ಬರಿಗೈಯಲ್ಲಿ ಬಂದದ್ದೂ ಒಂದು ಲೆಕ್ಕವೇ, ಆದರೆ ಅದಕ್ಕೆ ದಕ್ಕೆಯಲ್ಲಿ ಏಲಂ ಆಗುವುದಿಲ್ಲ.

ಬೂತಾಯಿ ಹೇಗೆ ಏರಿಳಿಯುತ್ತದೆ ಅನ್ನುವುದಕ್ಕೆ ಕೇರಳ ನೋಡಿ. 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬಂದಿತ್ತು. 2021ರಲ್ಲಿ ಸುಮಾರು 3,300 ಟನ್. ಇದಕ್ಕೆ ಬಲೆ ಮಾತ್ರ ಕಾರಣ ಅಲ್ಲ. ಮಳೆಗಾಲದಲ್ಲಿ ಅಡಿಯ ತಣ್ಣೀರು ಮೇಲೆ ಬರಬೇಕು, ಆ ನೀರಿನ ಜೊತೆ ಮೀನಿನ ಆಹಾರ ಬೆಳೆಯಬೇಕು. ಪೆಸಿಫಿಕ್ ಕಡಲು ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ, 2015ರ ಥರ, ಅದೆಲ್ಲ ಏರುಪೇರಾಗುತ್ತದೆ. ನಮ್ಮ ಹಿರಿಯರು "ಕಡಲು ಕೊಟ್ಟಾಗ ಕೊಡ್ತದೆ" ಅನ್ನುವುದು ಸುಳ್ಳಲ್ಲ. ಆದರೆ ಕಡಲು ಕೊಡದ ವರ್ಷದಲ್ಲೇ ಉಳಿದ ನಾಲ್ಕು ಮರಿಮೀನನ್ನೂ ಮೀನು ಪುಡಿ ಮಾಡುವ ಫಿಶ್ ಮೀಲ್ ಕಾರ್ಖಾನೆಗೆ ಹಾಕಿದರೆ, ಮುಂದೆ ಕೊಡುವುದಕ್ಕೆ ಕಡಲಲ್ಲಿ ಏನಿರುತ್ತದೆ?

ನಮ್ಮ ಅಮ್ಮನಿಗೆ ಈ ವಿಷಯ ಬೇರೆ ದಾರಿಯಲ್ಲಿ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟು, ಪರ್ಸೀನ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ನಾಡದೋಣಿಗೆ ಮಾತ್ರ ಬಿಡುತ್ತಾರೆ. ಆಗ ಬರುವ ಬೂತಾಯಿಯ ಹೊಟ್ಟೆ ಸೀಳಿದರೆ ಎರಡೂ ಕಡೆ ಹಳದಿ ಮೊಟ್ಟೆ. ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತು, ಹೆಬ್ಬೆರಳಿನಲ್ಲಿ ಅದನ್ನು ಮೆಲ್ಲಗೆ ಬಿಡಿಸಿ, ಬೇರೆ ಬಟ್ಟಲಿಗೆ ಹಾಕುತ್ತಾ ಹೇಳುತ್ತಾರೆ, "ಈ ಸಲ ಮೊಟ್ಟೆ ಬೇಗ ಬಂತು", ಇಲ್ಲಾ "ಇನ್ನೂ ಎಳೆಯದು". ಮೀನಿನ ಮೊಟ್ಟೆ ಎಷ್ಟು ಬಲಿತಿದೆ ಅಂತ ನೋಡುವುದೇ ಪ್ರಯೋಗಾಲಯದಲ್ಲಿ ಒಂದು ದೊಡ್ಡ ಕೆಲಸ. ಯಾವ ತಿಂಗಳಲ್ಲಿ ಯಾವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇತ್ತು ಅನ್ನುವುದು ಕರಾವಳಿಯ ಮೀನು ಮಾಡುವ ಹೆಂಗಸರಿಗೆಲ್ಲ ಗೊತ್ತು. ಅವರನ್ನು ಯಾರಾದರೂ ಕೇಳಿದ್ದಾರಾ? ನಮ್ಮ ಮನೆಯಲ್ಲಂತೂ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಕೇರಳ 2017ರಲ್ಲಿ 58 ಜಾತಿಯ ಮೀನಿಗೆ ಇದಕ್ಕಿಂತ ಸಣ್ಣದು ಹಿಡಿಯಬಾರದು ಅಂತ ಅಳತೆ ಗೊತ್ತುಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಸ್ಟೀಲ್ ಸ್ಕೇಲ್ ಒಂದನ್ನು ಇಟ್ಟಿದ್ದೇನೆ. ಮೀನು ತಂದ ದಿನ ಅಳೆದು ಬರೆಯುತ್ತೇನೆ, ತಾರೀಕು, ಮೀನು, ಉದ್ದ, ಮೊಟ್ಟೆ ಇತ್ತೋ ಇಲ್ಲವೋ. ನನ್ನೊಬ್ಬಳ ಲೆಕ್ಕದಿಂದ ಏನೂ ತಿಳಿಯುವುದಿಲ್ಲ, ಅದು ಗೊತ್ತು. ಕಾರವಾರದಿಂದ ಉಳ್ಳಾಲದವರೆಗೆ ಇನ್ನೂರು ಮನೆಯಲ್ಲಿ ಬರೆದರೆ ತಿಳಿಯುತ್ತದೆ.

ಇದೆಲ್ಲ ಆಗುವ ಮಾತಾ ಅಂತ ಕೇಳುವವರಿಗೆ ನಾನು ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನ ಕಡೆ ಕೈ ತೋರಿಸುತ್ತೇನೆ. ಅಲ್ಲಿ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಹೆಕ್ಕಿ ಬದುಕುವವರು ಸುಮಾರು 3,000 ಜನ. 90ರ ದಶಕದ ಶುರುವಿನಲ್ಲಿ ಹೊರದೇಶದ ಬೇಡಿಕೆಗೆ ಮಿತಿಮೀರಿ ಹೆಕ್ಕಿ ಮರುವಾಯಿ ಅರ್ಧಕ್ಕೆ ಇಳಿಯಿತು. ಆಮೇಲೆ ವಿಜ್ಞಾನಿಗಳು ಹೇಳಿದ್ದನ್ನು ಹೆಕ್ಕುವವರು ಒಪ್ಪಿಕೊಂಡರು. ಮೊಟ್ಟೆ ಇಡುವ ಕಾಲ ಅಂತ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಕ್ಕುವುದು ಬಂದ್. ಬಲೆಯ ಕಣ್ಣು ದೊಡ್ಡದು. ಕಿಲೋಗೆ 1,400ಕ್ಕಿಂತ ಜಾಸ್ತಿ ತುಂಡು ಹಿಡಿಯುವಷ್ಟು ಸಣ್ಣ ಮಾಂಸ ರಫ್ತಿಗೆ ಹೋಗಬಾರದು. ಕೊನೆಯ ಈ ನಿಯಮ ನನಗೆ ತುಂಬಾ ಇಷ್ಟ, ಯಾಕೆ ಅಂದರೆ ಅದನ್ನು ಪಾಲಿಸಲು ಲ್ಯಾಬ್ ಬೇಡ, ತಕ್ಕಡಿ ಸಾಕು, ಯಾರು ಬೇಕಾದರೂ ಎಣಿಸಿ ನೋಡಬಹುದು. ಮರುವಾಯಿ ಚೇತರಿಸಿಕೊಂಡಿತು. 2014ರಲ್ಲಿ ಆ ಮೀನುಗಾರಿಕೆಗೆ, ಮುಗಿದುಹೋಗದ ಹಾಗೆ ಹಿಡಿಯುತ್ತಾರೆ ಅನ್ನುವುದಕ್ಕೆ ಕೊಡುವ, ಎಂಎಸ್‌ಸಿ ಅನ್ನುವ ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲೇ ಮೊದಲು. ಆಮೇಲೆ ಅಲ್ಲಿ ಮತ್ತೆ ಮರುವಾಯಿ ಇಳಿದಿದೆ, ಸಿಎಂಎಫ್‌ಆರ್‌ಐ ಮರಿ ಬೆಳೆಸಿ ನೀರಿಗೆ ಬಿಡುವ ಕೆಲಸ ಮಾಡುತ್ತಿದೆ. ಒಮ್ಮೆ ಸರಿ ಮಾಡಿದರೆ ಮುಗಿಯಿತು ಅನ್ನುವ ಹಾಗಿಲ್ಲ, ನೋಡುತ್ತಲೇ ಇರಬೇಕು.

ನಮ್ಮಲ್ಲಿ ದೊಡ್ಡ ತೊಡಕು ನಂಬಿಕೆಯದ್ದು. ಎಷ್ಟೋ ವರ್ಷದ ಹಿಂದೆ ಒಂದು ಕಚೇರಿಯಿಂದ ಬಂದವರು ದೊಡ್ಡಪ್ಪನ ಹತ್ತಿರ ಒಂದು ಮಧ್ಯಾಹ್ನ ಪೂರ್ತಿ ಕೂತು ಎಲ್ಲ ಬರೆದುಕೊಂಡು ಹೋದರು. ಮತ್ತೆ ಯಾವತ್ತೂ ಬರಲಿಲ್ಲ. ಏನು ಗೊತ್ತಾಯಿತು ಅಂತ ಒಂದು ಮಾತು ಹೇಳಲಿಲ್ಲ. ದೊಡ್ಡಪ್ಪ ಅದನ್ನು ಇನ್ನೂ ಮರೆತಿಲ್ಲ. ಮೀನು ಸಿಗುವ ಜಿಪಿಎಸ್ ಪಾಯಿಂಟು ತಂಡೇಲರ ಆಸ್ತಿ, ಪಕ್ಕದ ಬೋಟಿನ ತಮ್ಮನಿಗೂ ಹೇಳುವುದಿಲ್ಲ. ಲೆಕ್ಕ ಕೊಟ್ಟರೆ ನಾಳೆ ನಮ್ಮ ಮೇಲೇ ಹೊಸ ನಿಯಮ ಬರುತ್ತದೆ ಅನ್ನುವ ಭಯವೂ ಇದೆ, ಆ ಭಯಕ್ಕೆ ಕಾರಣವೂ ಇದೆ. ಪಾಯಿಂಟು ಕೇಳಬೇಡಿ, ಕಡಲನ್ನು ದೊಡ್ಡ ದೊಡ್ಡ ಚೌಕ ಮಾಡಿ ಯಾವ ಚೌಕ ಅಂತ ಕೇಳಿ. ಬೋಟಿನ ಹೆಸರು ಬರೆಯಬೇಡಿ. ಮತ್ತೆ ಲೆಕ್ಕ ತೆಗೆದುಕೊಂಡವರು ವರ್ಷಕ್ಕೊಮ್ಮೆ ಬೋಟು ಕಡಲಿಗೆ ಇಳಿಯದ ಜೂನ್ ಜುಲೈಯಲ್ಲಿ ಬಂದರಿಗೇ ಬಂದು, ತುಳುವಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ, ನೀವು ಕೊಟ್ಟದ್ದರಿಂದ ನಮಗೆ ಇಷ್ಟು ಗೊತ್ತಾಯಿತು, ಇದು ಸರಿಯಾ ಅಂತ ಕೇಳಲಿ. ನಿಯಮ ಬರೆಯುವುದು ಆಮೇಲೆ.

"ಇದು ಸರಿಯಾ" ಅಂತ ಕೇಳುವುದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾದದ್ದು ಈ ಪುಸ್ತಕದಿಂದಲೇ. ದೀಪಾವಳಿ ರಜೆಯಲ್ಲಿ ಮೂರು ವರ್ಷದ ಪುಟಗಳನ್ನು ಫೋಟೊ ತೆಗೆದು, ಲ್ಯಾಪ್‌ಟಾಪಲ್ಲಿ ಹಾಕಿ, ದಿನಕ್ಕೆ ಎಷ್ಟು ಮೀನು ಅಂತ ಒಂದು ಗೆರೆ ಎಳೆದೆ. ಒಂದು ಕಡೆ ಗೆರೆ ದಿಢೀರ್ ಕೆಳಗೆ ಬಿದ್ದಿತ್ತು. ಮೀನು ಅಲ್ಲೇ ಕಡಿಮೆಯಾದದ್ದು ಅಂತ ನಾನು ಖುಷಿಯಿಂದ, ಅಂದರೆ ಕಂಡುಹಿಡಿದ ಖುಷಿಯಿಂದ, ದೊಡ್ಡಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಅದು ಮೀನಲ್ಲ ಮಗಾ, ಇಂಜಿನ್. ಆಗ ಗೇರ್ ಹಾಳಾಗಿ ಬೋಟು ನಿಧಾನ ಆಗಿತ್ತು. ಆ ಎರಡು ತಿಂಗಳು ತೆಗೆದುಬಿಡು."

ತೆಗೆದೆ. ಅವರು ಗೆರೆಯ ಇನ್ನೊಂದು ತುದಿಗೆ ಬೆರಳಿಟ್ಟರು, ನನಗೆ ಏನೂ ವಿಶೇಷ ಕಾಣದಿದ್ದ ಜಾಗ.

"ಕಡಿಮೆ ಆದದ್ದು ಇಲ್ಲಿ. ತೂಕ ಅಷ್ಟೇ ಕಾಣ್ತದೆ, ಆದರೆ ಆ ವರ್ಷ ಅಂಜಲ್ ಇಲ್ಲ, ಎಲ್ಲ ಮದ್ಮಾಲ್. ಜಾತಿ ಬೇರೆ ಬೇರೆ ಮಾಡಿ ಹಾಕು, ಆಗ ಕಾಣ್ತದೆ."

ಅಂಜಲ್ ದೊಡ್ಡ, ದುಬಾರಿ ಮೀನು. ಮದ್ಮಾಲ್ ಸಣ್ಣದು, ಅಗ್ಗದ್ದು. ಅವತ್ತು ರಾತ್ರಿ ಹನ್ನೊಂದರವರೆಗೆ ಅವರು ಓದಿ ಹೇಳಿದರು, ನಾನು ಜಾತಿ ಜಾತಿ ಬೇರೆ ಮಾಡಿ ಟೈಪ್ ಮಾಡಿದೆ. ಇನ್ನೂ ಎರಡು ಪುಸ್ತಕ ಅಟ್ಟದ ಮೇಲೆ ಇವೆಯಂತೆ.