ತೂಗುವ ಹಡಗಿನಿಂದ ಗುರಿ

14 ಸೆಪ್ಟೆಂಬರ್ 2024, ಶನಿವಾರ
ಫಿಲಡೆಲ್ಫಿಯಾ

ಮಧ್ಯಾಹ್ನ ಮೊಮ್ಮಗಳ ಜೊತೆ ಡೆಲವೇರ್ ನದಿಯಲ್ಲಿ ಲಂಗರು ಹಾಕಿರುವ ‘ಒಲಿಂಪಿಯಾ’ ಯುದ್ಧನೌಕೆ ನೋಡಿ ಬಂದೆ. ಅಧಿಕಾರಿಗಳ ವಾಸದ ಕೋಣೆಯೊಳಗೇ ತೋಪು. “ತಾತ, ಇದು ಮಲಗುವ ಮನೆಯೋ ಯುದ್ಧದ ಮನೆಯೋ?” ಎಂದಳು. ಎರಡೂ ಎಂದೆ.

1898ರ ಮೇ 1ರಂದು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ನೌಕಾದಳವನ್ನು ಧೂಳೀಪಟ ಮಾಡಿದ ಅಮೆರಿಕದ ಪಡೆಗೆ ಇದೇ ಮುಂದಾಳು. ಆದರೆ ಗೆದ್ದವರ ಲೆಕ್ಕ ನೋಡಿದರೆ ನಗು ಬರುತ್ತದೆ. ಹಾರಿಸಿದ್ದು 5,500ಕ್ಕೂ ಹೆಚ್ಚು ಗುಂಡು, ತಾಗಿದ್ದು 150ನ್ನೂ ಮುಟ್ಟಲಿಲ್ಲ.

ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಕೋನ ಅಳೆಯುವ ದುರ್ಬೀನಾದ ಥಿಯೋಡೊಲೈಟಿಗೆ ಕಣ್ಣಿಟ್ಟವನಿಗೆ ಇದರ ಕಾರಣ ಹೊಳೆಯದೆ ಇರುತ್ತದೆಯೇ? ಬರಿಗಣ್ಣಿನಲ್ಲಿ ಗುರಿ ಹಿಡಿಯುವವನು ಕಣ್ಣಿನ ಹತ್ತಿರದ ಗುರಿ ಸೀಳು, ತೋಪಿನ ಕೊಳವೆಯ ತುದಿಯ ಮೊನೆ, ಮೈಲಿಯಾಚೆಯ ಹಡಗು ಮೂರನ್ನೂ ಒಟ್ಟಿಗೆ ನೋಡಬೇಕು. ಒಂದು ಸ್ಪಷ್ಟವಾದರೆ ಉಳಿದೆರಡು ಮಸುಕು. ದುರ್ಬೀನಿನಲ್ಲಾದರೆ ದೂರದ ಹಡಗಿನ ಬಿಂಬ ಕ್ರಾಸ್‌ಹೇರ್ ಎಂಬ ಗುರಿಗೆರೆ ಇರುವ ಜಾಗದಲ್ಲೇ ಮೂಡುತ್ತದೆ. ಕಣ್ಣಿಗೆ ಒಂದೇ ಕೆಲಸ. (ಹಳೆಯ ಉಪಕರಣಗಳಲ್ಲಿ ಆ ಗೆರೆ ಜೇಡದ ನೂಲು. ಅದು ಹರಿದಾಗ ಜೇಡ ಹುಡುಕುತ್ತಾ ಹೋಗುತ್ತಿದ್ದ ಹಿರಿಯರ ಕಥೆ ಕೇಳಿದ್ದೇನೆ.) ಬ್ರಾಡ್ಲಿ ಫಿಸ್ಕ್ ಎಂಬ ಅಧಿಕಾರಿ ತೋಪಿಗೆ ಇಂಥ ದುರ್ಬೀನು ಕೂರಿಸುವ ಉಪಾಯವನ್ನು ಆಗಲೇ ಹುಡುಕಿದ್ದ. ಮನಿಲಾದಲ್ಲಿ ಅವನೇ ‘ಪೆಟ್ರೆಲ್’ ಹಡಗಿನ ಕಂಬವೇರಿ ಶತ್ರುವಿನ ದೂರ ಅಳೆಯುತ್ತಿದ್ದ!

ಆದರೆ ನನ್ನ ಥಿಯೋಡೊಲೈಟ್ ಮೂರು ಕಾಲೂರಿ ನೆಲದ ಮೇಲೆ ನಿಂತಿತ್ತು. ಹಡಗಿನದು ತೊಟ್ಟಿಲ ಪಾಡು. ತೋಪನ್ನು ಒಂದು ಎತ್ತರಕ್ಕೆ ಬಿಗಿದು, ಹಡಗು ಹೊರಳುವಾಗ ಗುರಿ ಗೆರೆಗೆ ಬರಲೆಂದು ಕಾದು ತೋಪಿನ ಕುದುರೆ (ಟ್ರಿಗರ್) ಎಳೆಯುವುದು ಹಳೆಯ ಕ್ರಮ. ಬಂತೆಂದು ಕಣ್ಣು ಹೇಳಿ ಬೆರಳು ಕೇಳುವಷ್ಟರಲ್ಲಿ ಹಡಗು ಇನ್ನಷ್ಟು ಹೊರಳಿರುತ್ತದೆ.

ಇದನ್ನು ಬಿಡಿಸಿದವನು ಬ್ರಿಟಿಷ್ ನೌಕಾಪಡೆಯ ಪರ್ಸಿ ಸ್ಕಾಟ್. 1898ರಲ್ಲಿ ‘ಸಿಲ್ಲಾ’ ಹಡಗಿನ ಅಭ್ಯಾಸದ ವೇಳೆ ಒಬ್ಬ ನಾವಿಕ ಮಾತ್ರ ಹಡಗು ಹೊರಳಿದಂತೆಲ್ಲ ತೋಪನ್ನು ಏರಿಳಿಸುವ ಚಕ್ರ ತಿರುಗಿಸಿ ಗುರಿಯನ್ನು ಬಿಡದೆ ಹಿಡಿದಿದ್ದು ಅವನ ಕಣ್ಣಿಗೆ ಬಿತ್ತು. ಉಳಿದವರ ಕೈಗೂ ಅದು ಒಗ್ಗಲೆಂದು ಹಲ್ಲುಚಕ್ರಗಳ ಅನುಪಾತ ಬದಲಿಸಿದ, ದುರ್ಬೀನನ್ನು ಸುಧಾರಿಸಿದ. ಮರುವರ್ಷ 70 ಗುಂಡುಗಳಲ್ಲಿ 56 ತಾಗಿದವು. ದುರ್ಬೀನಿಗಿಂತ ಆ ಹೆಸರಿಲ್ಲದ ನಾವಿಕನಿಗೇ ನನ್ನ ಸಲಾಮು.

ಸ್ಕಾಟ್ ‘ಡಾಟರ್’ ಎಂಬ ಸಾಧನವನ್ನೂ ಮಾಡಿದ್ದ. ಎದುರಿನ ಹಲಗೆಯ ಮೇಲೆ ಗುರಿ ಏರಿಳಿಯುತ್ತದೆ. ಕುದುರೆ ಎಳೆದೊಡನೆ ಗುಂಡಿನ ಬದಲು ಪೆನ್ಸಿಲ್ ಚುಕ್ಕೆ ಇಡುತ್ತದೆ. ಮದ್ದಿನ ಖರ್ಚಿಲ್ಲ. ರಾತ್ರಿ ಊಟವಾದ ಮೇಲೆ ಮೊಮ್ಮಗಳ ಕೈಗೆ ರಟ್ಟು ಕೊಟ್ಟು, ನಾಲ್ಕಾಣೆಯಷ್ಟು ದೊಡ್ಡ ವೃತ್ತ ಬರೆದು, ಮೇಲೆ ಕೆಳಗೆ ಆಡಿಸು ಎಂದೆ. ಪೆನ್ಸಿಲ್ ಹಿಡಿದು ಕುಳಿತೆ. ವೃತ್ತ ಬರಲೆಂದು ಕಾದು ಚುಚ್ಚಿದ ಹತ್ತೂ ಹೊರಗೆ ಬಿದ್ದವು. ಅದರ ಜೊತೆಗೇ ಕೈ ಆಡಿಸುತ್ತಾ ಚುಚ್ಚಿದಾಗ ನಾಲ್ಕು ಒಳಗೆ. ಐದನೆಯದೂ ಬೀಳುತ್ತಿತ್ತು, ಅವಳು ಬೇಕೆಂದೇ ರಟ್ಟನ್ನು ಜೋರಾಗಿ ಎತ್ತಿದಳು.