ಶಾರ್ತ್ರ್‌ನ ಬಣ್ಣದ ಗಾಜು ನೋಡಲು ಹೊರಟವರಿಗೆ

ಪ್ಯಾರಿಸ್‌ಗೆ ಹೋದವರು ಅದಕ್ಕೆ ಹತ್ತಿರದ ಊರಾದ ಶಾರ್ತ್ರ್‌ಗೆಂದು ಅರ್ಧ ದಿನ ತೆಗೆದಿಡುತ್ತಾರೆ. ಅದು ಖಂಡಿತ ಸಾಲದು. ಅಲ್ಲಿನ ದೊಡ್ಡ ಚರ್ಚಾದ ಕ್ಯಾಥೆಡ್ರಲ್‌ನಲ್ಲಿ 170ಕ್ಕೂ ಹೆಚ್ಚು ಬಣ್ಣದ ಗಾಜಿನ ಕಿಟಕಿಗಳಿವೆ. ಬಹುಪಾಲು 13ನೇ ಶತಮಾನದ ಮೊದಲರ್ಧದವು. ಬಿಸಿಲು ಸರಿದಂತೆ ಒಂದೊಂದು ಹೊತ್ತಿಗೆ ಒಂದೊಂದು ಗೋಡೆ ಬೆಳಗುತ್ತದೆ, ಹಾಗಾಗಿ ಇಡೀ ದಿನ ಬೇಕು.

ಹಿಂದಿನ ದಿನವೇ ಪ್ಯಾರಿಸ್‌ನ ಕ್ಲೂನಿ ಮ್ಯೂಸಿಯಂ ನೋಡಿಕೊಳ್ಳಿ. ಅದೇ ನಗರದ ಚರ್ಚಾದ ಸೇಂಟ್ ಶಾಪೆಲ್‌ನಿಂದ ಬಂದ ಬಣ್ಣದ ಗಾಜಿನ ಹಳೆಯ ತುಂಡುಗಳು ಅಲ್ಲಿ ಹತ್ತಿರದಿಂದಲೇ ಕಾಣುತ್ತವೆ. ಗಾಜಿನ ಮೇಲೆ ಕುಂಚದಿಂದ ಎಳೆದ ಕಂದುಕಪ್ಪು ಗೆರೆ ಎಲ್ಲಿ ದಪ್ಪ, ಎಲ್ಲಿ ಸವೆದಿದೆ ಎಂದು ಅಲ್ಲಿ ಕಣ್ಣು ಪಳಗಿದರೆ, ಶಾರ್ತ್ರ್‌ನಲ್ಲಿ ದೂರದಿಂದಲೂ ಗುರುತು ಹತ್ತುತ್ತದೆ.

ಮೊಂಪರ್ನಾಸ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ, ಆಮೇಲೆ ಸ್ವಲ್ಪ ನಡಿಗೆ. ಒಳಗೆ ಹೋದ ಕೂಡಲೇ ಕ್ಯಾಮೆರಾ ತೆಗೆಯಬೇಡಿ, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಹತ್ತು–ಹದಿನೈದು ನಿಮಿಷ ಬೇಕು. ಬೆಳಿಗ್ಗೆ ಪೂರ್ವದ ಕಿಟಕಿಗಳು, ಮಧ್ಯಾಹ್ನ ದಕ್ಷಿಣದವು, ಇಳಿಹೊತ್ತಿಗೆ ಪಶ್ಚಿಮದವು. ಮೋಡವಿದ್ದರೆ ಬೇಸರ ಬೇಡ. ನೇರ ಬಿಸಿಲಿನಲ್ಲಿ ನೀಲಿ ಹರಡಿ ಪಕ್ಕದ ಸಣ್ಣ ಗೆರೆಗಳನ್ನು ನುಂಗುತ್ತದೆ, ಅಧ್ಯಯನಕ್ಕೆ ಮೋಡದ ಬೆಳಕೇ ಮೇಲು.

ಬೈನಾಕ್ಯುಲರ್ ಇಲ್ಲದೆ ಹೋಗುವುದು ದಂಡ. 8 ಪಟ್ಟಿನದು ಸಾಕು, 10 ಪಟ್ಟಿನದು ಕೈಯಲ್ಲಿ ನಡುಗುತ್ತದೆ. ಟಿಪ್ಪಣಿಗೆ ವಿದ್ವಾಂಸರು ಬಳಸುವ ಕಿಟಕಿಯ ಸಂಖ್ಯೆ ಬರೆದುಕೊಳ್ಳಿ: ಪೂರ್ವ ತುದಿಯ ನಡುವಿನದು 0, ಉತ್ತರಕ್ಕೆ ಬೆಸ ಸಂಖ್ಯೆ, ದಕ್ಷಿಣಕ್ಕೆ ಸಮ, ಮೇಲಿನ ಸಾಲು 100ರಿಂದ. ಬರೆಯದಿದ್ದರೆ ಮನೆಗೆ ಬಂದ ಮೇಲೆ ಫೋಟೊಗಳೆಲ್ಲ ಕಲಸುಮೇಲೋಗರ. ಫ್ಲ್ಯಾಶ್ ಹಾಕಿದರೆ ಗಾಜಿನ ಮೈ ಹೊಳೆದು ಬಣ್ಣ ಸಾಯುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ಹಿಡಿಯುವ ಬೆಳಕು) ಒಂದೆರಡು ಹಂತ, ಅಂದರೆ ಸ್ಟಾಪ್, ಇಳಿಸಿ.

ದಕ್ಷಿಣದ 44ನೇ ಕಿಟಕಿಯಿಂದ ಶುರುಮಾಡಿ, ಬೈಬಲ್‌ನಲ್ಲಿ ಯೇಸು ಹೇಳುವ ದಯಾಳು ಸಮಾರ್ಯನ ಕಥೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಬುಡದಲ್ಲಿ ಚಪ್ಪಲಿ ಹೊಲಿಯುವವರು ಕೂತಿದ್ದಾರೆ. ಅಲ್ಲಿ ಗಾಜಿನ ತುಂಡುಗಳನ್ನು ಜೋಡಿಸುವ ಸೀಸದ ಪಟ್ಟಿಗಳನ್ನು ನಿಧಾನವಾಗಿ ಗಮನಿಸಿ. ಮೂಲ ಸೀಸ ಆಕೃತಿಯ ಅಂಚನ್ನೇ ಹಿಡಿದು ಸಾಗುತ್ತದೆ. ಎಲ್ಲಿಯೇ ಆಗಲಿ, ಮುಖವನ್ನೋ ಕೈಯನ್ನೋ ಅಡ್ಡ ಸೀಳಿಕೊಂಡು ಹೋದ ಪಟ್ಟಿ ಕಂಡರೆ ಬಹುಮಟ್ಟಿಗೆ ಅದು ಒಡೆದ ಗಾಜಿಗೆ ನಂತರ ಹಾಕಿದ ತೇಪೆ.

ಹಳೆಯ ಗಾಜಿಗೆ ದೊಡ್ಡ ಶತ್ರು ನೀರು. ಮರದ ಬೂದಿಯಿಂದ ಮಾಡಿದ ಗಾಜಿನಲ್ಲಿ ಪೊಟ್ಯಾಶ್ ಎಂಬ ಕ್ಷಾರ ಹೆಚ್ಚು, ತೇವ ತಾಗಿದರೆ ಅದು ಹೊರಗೆ ಕರಗಿ ಬಂದು ಮೈಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಗಾಳಿಯ ಗಂಧಕ ಸೇರಿದರೆ ಜಿಪ್ಸಮ್‌ನ ಬಿಳಿ ಹೊಪ್ಪಳೆ ಕಟ್ಟುತ್ತದೆ. ಆ ಹೊಪ್ಪಳೆಯನ್ನು ಉಜ್ಜಿ ತೆಗೆಯಲು ಹೋದರೆ ಕುಂಚದ ಗೆರೆಯೂ ಜೊತೆಗೇ ಹೋದೀತು, ಅದಕ್ಕೇ ಸಂರಕ್ಷಕರು ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸುತ್ತಾರೆ. ಈಗಿನ ಒಳ್ಳೆಯ ಉಪಾಯವೆಂದರೆ ಹೊರಗೆ ಇನ್ನೊಂದು ಗಾಜು ಕೂರಿಸಿ, ಮೂಲವನ್ನು ಒಳಕ್ಕೆ ಸರಿಸಿ, ನಡುವೆ ಕಟ್ಟಡದೊಳಗಿನ ಗಾಳಿ ಆಡಲು ಬಿಡುವುದು. ಇಬ್ಬನಿ ಆಗ ಹೊರಗಾಜಿನ ಮೇಲೆ ಕೂರುತ್ತದೆ. ಗಾಳಿಯ ಸಂದು ಮುಚ್ಚಿದರೆ ಮಾತ್ರ ತೇವ ಒಳಗೇ ನಿಲ್ಲುತ್ತದೆ.

ಭಾನುವಾರ ಪೂಜೆಯ ಹೊತ್ತಿನಲ್ಲಿ ಓಡಾಟಕ್ಕೆ ಅಡ್ಡಿ, ವಾರದ ದಿನವೇ ಹೋಗಿ. ಸಂಜೆಯ ರೈಲಿಗೆ ಮೊದಲು ಪಶ್ಚಿಮದ ಮೂರು ಉದ್ದ ಕಿಟಕಿಗಳ ಎದುರು ಕುಳಿತುಕೊಳ್ಳಿ. 1194ರ ಬೆಂಕಿಯಲ್ಲಿ ಉಳಿದ 12ನೇ ಶತಮಾನದ ಗಾಜು ಅದು, ಆ ತಿಳಿ ನೀಲಿ ಉಳಿದ ಕಿಟಕಿಗಳ ಗಾಢ ನೀಲಿಗಿಂತ ಎಷ್ಟು ಬೇರೆ ಎಂದು ತಲೆ ತಿರುಗಿಸಿ ಹೋಲಿಸಿ ನೋಡಿ.